ಬೆಲ್ ಹೊಡೆಯುವ ಮೊದಲಿನ ಕೆಲಸ: ಹೊಸ ಅಗ್ನಿಶಾಮಕರು ತಿಳಿದಿರಬೇಕಾದ್ದು

ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳಗಿನ ಜಾವ ಓಟದ ಅಭ್ಯಾಸ ಮಾಡುವ ಹುಡುಗರಲ್ಲಿ ಹೆಚ್ಚಿನವರ ಕಣ್ಣು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಮೇಲಿರುತ್ತದೆ. ಅದೇ ತಯಾರಿಯಲ್ಲಿ ಅಗ್ನಿಶಾಮಕ ಹುದ್ದೆಗೂ ಒಂದು ಅರ್ಜಿ ಹಾಕಿರುತ್ತಾರೆ. ಕೆಲಸ ಸಿಕ್ಕರೆ ಅಲ್ಲಿ ಏನು ಮಾಡಬೇಕು ಎಂದು ಕೇಳಿದರೆ, ‘ಬೆಂಕಿ ಆರಿಸೋದು’ ಎಂಬ ಉತ್ತರವೊಂದೇ ಸಿಗುತ್ತದೆ. ಬೆಂಕಿ ಆರಿಸುವುದು ಆ ಕೆಲಸದ ಒಂದು ಪಾಲು ಮಾತ್ರ. ಗಡಿಯಾರ ಹಿಡಿದು ಲೆಕ್ಕ ಹಾಕಿದರೆ ಸಣ್ಣ ಪಾಲೇ. ಉಳಿದ ಹೊತ್ತೆಲ್ಲ ಬೆಲ್ ಹೊಡೆಯುವ ಮೊದಲು ಮಾಡಿಟ್ಟುಕೊಳ್ಳಬೇಕಾದ ಕೆಲಸಗಳಿಗೆ ಹೋಗುತ್ತದೆ. ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಊರುಗಳ ನಡುವಿನ ದಾರಿ ಉದ್ದ, ಬೇಸಿಗೆಯಲ್ಲಿ ನೀರು ಕಡಿಮೆ. ಹಾಗಾಗಿ ಒಂದು ಮನೆ, ಒಂದು ಮೆದೆ, ಒಂದು ಜೀವ ಉಳಿಯುವುದೋ ಇಲ್ಲವೋ ಎಂಬುದು ಬಹಳ ಸಲ ಆ ಮೊದಲಿನ ಕೆಲಸದಲ್ಲೇ ತೀರ್ಮಾನವಾಗಿರುತ್ತದೆ.

ಮೊದಲು ಹುದ್ದೆಯ ವಿಚಾರ. 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆಯಡಿ ಕೆಲಸ ಮಾಡುವ ಈ ಇಲಾಖೆಯ ಈಗಿನ ಹೆಸರು ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು. ಹೆಸರಿನ ಕೊನೆಯ ‘ತುರ್ತು ಸೇವೆ’ ಬರೀ ಅಲಂಕಾರಕ್ಕಲ್ಲ. ಬಾವಿಗೆ ಬಿದ್ದ ಹಸು, ನದಿಯಲ್ಲಿ ಮುಳುಗಿದವರು, ಅಪಘಾತದಲ್ಲಿ ಜಜ್ಜಿದ ಕಾರಿನೊಳಗೆ ಸಿಕ್ಕಿಕೊಂಡವರು, ಮಳೆಗೆ ರಸ್ತೆಗೆ ಅಡ್ಡ ಬಿದ್ದ ಮರ, ಎಲ್ಲವೂ ಇದರೊಳಗೇ ಬರುತ್ತವೆ. 2020ರಲ್ಲಿ ಇಲಾಖೆ ಒಟ್ಟು 1,567 ಹುದ್ದೆಗಳಿಗೆ ಅರ್ಜಿ ಕರೆದಾಗ ಅದರಲ್ಲಿ 1,222 ಅಗ್ನಿಶಾಮಕ ಹುದ್ದೆಗಳೇ ಇದ್ದವು. ಉಳಿದವು ಅಗ್ನಿಶಾಮಕ ಚಾಲಕ, ಚಾಲಕ ತಂತ್ರಜ್ಞ ಮತ್ತು ಠಾಣಾಧಿಕಾರಿ ಹುದ್ದೆಗಳು. ಅಗ್ನಿಶಾಮಕ ಹುದ್ದೆಗೆ ಎಸ್ಸೆಸ್ಸೆಲ್ಸಿ ಸಾಕಿತ್ತು. ಎತ್ತರ, ಎದೆಯಳತೆ, ವಯಸ್ಸು, ಮೀಸಲಾತಿಯ ವಿವರಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ಓದಿಕೊಳ್ಳಬೇಕು. ಕೋಚಿಂಗ್ ಸೆಂಟರಿನ ಹಳೆಯ ಚೀಟಿ ನಂಬಬಾರದು. ಆಯ್ಕೆಯಾದವರಿಗೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಆರ್.ಎ. ಮುಂಡ್ಕೂರ್ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಅಕಾಡೆಮಿಯಂಥ ಕಡೆ ತರಬೇತಿ. ಪರೇಡು, ಏಣಿ, ಹಗ್ಗ, ಪಂಪು, ಪ್ರಥಮ ಚಿಕಿತ್ಸೆ ಎಲ್ಲ ಅಲ್ಲಿ ಕೈಗೆ ಹತ್ತುತ್ತವೆ. ಆದರೆ ಊರಿನ ದಾರಿ, ಊರಿನ ನೀರು, ಊರಿನ ಬೆಂಕಿಯ ಸ್ವಭಾವವನ್ನು ಠಾಣೆಗೆ ಬಂದ ಮೇಲೇ ಕಲಿಯಬೇಕು.

ಠಾಣೆಯ ದಿನ ರೋಲ್ ಕಾಲ್‌ನಿಂದ ಶುರು. ಹಿಂದಿನ ಪಾಳಿಯವರಿಂದ ಗಾಡಿ ಮತ್ತು ಸಾಮಾನುಗಳ ಲೆಕ್ಕ ವಹಿಸಿಕೊಂಡು, ವ್ಯಾಯಾಮ ಮುಗಿಸಿ, ಡ್ರಿಲ್ ಮಾಡುತ್ತಾರೆ. ಹೊಸಬರಿಗೆ ಬೇಸರ ತರಿಸುವ ಕೆಲಸ ಸಾಮಾನಿನ ತಪಾಸಣೆಯೇ. ಟ್ಯಾಂಕಿನಲ್ಲಿ ನೀರು ತುಂಬಿದೆಯೇ, ಡೀಸೆಲ್ ಎಷ್ಟಿದೆ, ಟೈರಿನ ಗಾಳಿ, ಬ್ಯಾಟರಿ, ಸೈರನ್, ಪಂಪು ಒತ್ತಡ ಕಟ್ಟುತ್ತಿದೆಯೇ, ಕೈಯಲ್ಲಿ ಹೊತ್ತೊಯ್ಯುವ ಪಂಪು ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆಯೇ ಎಂದು ದಿನವೂ ನೋಡಬೇಕು. ನಿನ್ನೆ ನೋಡಿದ್ದೆವಲ್ಲ ಎನ್ನುವಂತಿಲ್ಲ. ನಿನ್ನೆಯಿಂದ ಇವತ್ತಿಗೆ ಒಂದು ವಾಷರ್ ಒಣಗಿ ಬಿರಿಯುವುದಕ್ಕೆ ಸಾಕಷ್ಟು ಸಮಯ ಇರುತ್ತದೆ.

ವಾಷರಿನ ಮಾತು ಬಂದದ್ದರಿಂದ ಹೋಸ್ ಪೈಪನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಬಳಸುವ ಹೋಸಿನ ಒಳವ್ಯಾಸ 63 ಮಿ.ಮೀ.; ಒಂದೊಂದು ತುಂಡು 15 ಮೀಟರ್ ಅಥವಾ ಅದಕ್ಕಿಂತ ಉದ್ದ. ಒಂದು ತುದಿಗೆ ಗಂಡು ಕಪ್ಲಿಂಗ್, ಇನ್ನೊಂದು ತುದಿಗೆ ಹೆಣ್ಣು ಕಪ್ಲಿಂಗ್. ಗಂಡು ತುದಿ ಪಂಪಿಗೆ, ಹೆಣ್ಣು ತುದಿ ಬೆಂಕಿಯ ಕಡೆಗೆ. ಕತ್ತಲಲ್ಲಿ, ಜನರ ಕೂಗಾಟದ ನಡುವೆ ಇದನ್ನು ತಿರುಗಾಮುರುಗಾ ಹಾಸಿದರೆ ಮತ್ತೆ ಎಳೆದು ತಿರುಗಿಸಬೇಕಾಗುತ್ತದೆ. ಹೆಣ್ಣು ಕಪ್ಲಿಂಗಿನ ಒಳಗೆ ರಬ್ಬರ್ ವಾಷರ್ ಇರುತ್ತದೆ. ಅದು ಇಲ್ಲವಾದರೆ ಅಥವಾ ಬಿರಿದಿದ್ದರೆ ಅರ್ಧ ನೀರು ದಾರಿಯಲ್ಲೇ ಚಿಮ್ಮಿ ಹೋಗುತ್ತದೆ. ಬಳಸಿದ ಹೋಸನ್ನು ಕೆಸರು ಹೋಗುವಂತೆ ತೊಳೆದು, ನೆರಳಲ್ಲಿ ಒಣಗಿಸಿ, ಹಿಂದಿನ ಮಡಿಕೆ ಬಿದ್ದ ಜಾಗದಲ್ಲೇ ಮತ್ತೆ ಮಡಿಕೆ ಬೀಳದಂತೆ ಸುತ್ತಿಡಬೇಕು. ಹಸಿಯಾಗಿಯೇ ಸುತ್ತಿಟ್ಟರೆ ಬಟ್ಟೆ ಮುಗ್ಗಲು ಹಿಡಿದು, ಮುಂದೊಂದು ದಿನ ಒತ್ತಡ ಕೊಟ್ಟಾಗ ಅಲ್ಲೇ ಒಡೆಯುತ್ತದೆ. ಇನ್ನೂ ಒಂದು ಲೆಕ್ಕ ನೆನಪಿರಲಿ: 15 ಮೀಟರಿನ ಒಂದು ತುಂಡು ನೀರು ತುಂಬಿಕೊಂಡರೆ ಒಳಗಿನ ನೀರಿನ ತೂಕವೇ ಸುಮಾರು 47 ಕೆ.ಜಿ. ಆದ್ದರಿಂದ ನೀರು ಬಿಡುವ ಮುಂಚೆಯೇ ಹೋಸನ್ನು ಬೇಕಾದ ಜಾಗಕ್ಕೆ ಎಳೆದಿಟ್ಟುಕೊಳ್ಳಬೇಕು. ನೀರು ಬಂದ ಮೇಲೆ ಬ್ರಾಂಚ್ (ಹೋಸಿನ ತುದಿಯ ನಳಿಕೆ) ಹಿಡಿದವನ ಬೆನ್ನಿಗೆ ಇನ್ನೊಬ್ಬ ಇರಲೇಬೇಕು.

ನೀರಿನ ಲೆಕ್ಕ ಇದಕ್ಕಿಂತ ಮುಖ್ಯ. ವಾಟರ್ ಟೆಂಡರ್ ಎಂದು ಕರೆಯುವ ಮಾಮೂಲಿ ಗಾಡಿ ಹೊರುವುದು ಸುಮಾರು 4,500 ಲೀಟರ್. 20 ಮಿ.ಮೀ. ನಳಿಕೆಯಲ್ಲಿ 5 ಬಾರ್ ಒತ್ತಡ ಕೊಟ್ಟರೆ ನಿಮಿಷಕ್ಕೆ 600 ಲೀಟರಿನ ಹತ್ತಿರ ಹೋಗುತ್ತದೆ. ಅಂದರೆ ಏಳೆಂಟು ನಿಮಿಷಕ್ಕೆ ಟ್ಯಾಂಕ್ ಖಾಲಿ. ‘ಬಂದರು, ಒಂದಿಷ್ಟು ನೀರು ಬಿಟ್ಟರು, ಹೋದರು’ ಎಂದು ಊರವರು ಬೈಯುವುದುಂಟು. ಅವರು ಹೋಗಿರುವುದು ನೀರು ತುಂಬಿಸಿಕೊಂಡು ಬರಲು. ನಗರದಲ್ಲಿ ಇನ್ನೊಂದು ಗಾಡಿ ಬೇಗ ಬಂದು ಸೇರಿಕೊಳ್ಳಬಹುದು. ಇಲ್ಲಿ ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿ.ಮೀ., ಪಿರಿಯಾಪಟ್ಟಣಕ್ಕೆ ಸುಮಾರು 70 ಕಿ.ಮೀ. ಇದೆ. ಅಲ್ಲಿಂದ ನೆರವು ಬರುವ ಹೊತ್ತಿಗೆ ಗಂಟೆ ಕಳೆದಿರುತ್ತದೆ.

ಹೀಗಾಗಿ ಹೊಸದಾಗಿ ಬಂದ ಅಗ್ನಿಶಾಮಕರು ಮೊದಲ ಕೆಲವು ತಿಂಗಳಲ್ಲೇ ತಮ್ಮ ಠಾಣೆಯ ವ್ಯಾಪ್ತಿಯ ಕೆರೆ, ಕಟ್ಟೆ, ನಾಲೆ, ಬೋರ್‌ವೆಲ್, ಓವರ್‌ಹೆಡ್ ಟ್ಯಾಂಕುಗಳನ್ನು ಮನದಟ್ಟು ಮಾಡಿಕೊಳ್ಳಬೇಕು. ಗಾಡಿ ಯಾವ ಕೆರೆಯ ಏರಿಯ ತನಕ ಹೋಗುತ್ತದೆ, ಎಲ್ಲಿ ಕೆಸರಿನಲ್ಲಿ ಹೂತುಕೊಳ್ಳುತ್ತದೆ, ಯಾವ ಸೇತುವೆ ಭಾರ ತಡೆಯುವುದಿಲ್ಲ ಎಂಬುದೂ ಗೊತ್ತಿರಬೇಕು. ಪಂಪು ನೀರನ್ನು ಮೇಲೆಳೆಯುವುದಕ್ಕೂ ಮಿತಿಯಿದೆ. ನೀರಿನ ಮಟ್ಟ ಪಂಪಿನಿಂದ 7 ಮೀಟರಿಗಿಂತ ಕೆಳಗಿದ್ದರೆ ಸಕ್ಷನ್ ಹೋಸಿನಿಂದ ಎತ್ತುವುದು ಕಷ್ಟ. ಕೃಷ್ಣರಾಜನಗರ, ಸಾಲಿಗ್ರಾಮ ಕಡೆ ಇರುವ ದೊಡ್ಡ ತೊಡಕನ್ನು ಹೊರಗಿನಿಂದ ಬಂದವರು ತಟ್ಟನೆ ಊಹಿಸಲಾರರು. ಭತ್ತದ ಕಣಜ ಎನಿಸಿಕೊಂಡ ಸೀಮೆ, ಕಾವೇರಿ ಪಕ್ಕದಲ್ಲೇ ಇದ್ದಾಳೆ, ನಾಲೆಗಳ ಜಾಲವೇ ಇದೆ. ಆದರೆ ಭತ್ತ ಕೊಯ್ದು ಒಕ್ಕಣೆಯಾಗಿ ಹುಲ್ಲು ಮೆದೆ ಸೇರುವ ಹೊತ್ತಿಗೆ ನಾಲೆಗೆ ನೀರು ಬಿಡುವುದು ನಿಂತಿರುತ್ತದೆ. ಬೆಂಕಿಯ ಕಾಲ ಶುರುವಾಗುವುದೇ ಆಗ. ಆಷಾಢದಲ್ಲಿ ತುಂಬಿ ಹರಿದ ನಾಲೆಯನ್ನು ನೆಚ್ಚಿಕೊಂಡು ಫಾಲ್ಗುಣದಲ್ಲಿ ಗಾಡಿ ಓಡಿಸುವಂತಿಲ್ಲ.

ಕರೆ ಸ್ವೀಕರಿಸುವ ವಾಚ್ ರೂಮ್ ಪಾಳಿ ಹೊಸಬರಿಗೂ ಬರುತ್ತದೆ. ಫೋನೆತ್ತಿ ವಿಳಾಸ ಬರೆದುಕೊಳ್ಳುವುದು ಸುಲಭದ ಕೆಲಸ ಎಂದುಕೊಂಡರೆ ತಪ್ಪು. ಆ ಕಡೆಯಿಂದ ‘ಅಣ್ಣಾ, ಮೆದೆಗೆ ಬೆಂಕಿ ಬಿದ್ದದೆ, ಬಿರ್ರನೆ ಬನ್ನಿ’ ಎಂದಷ್ಟೇ ಕೂಗಿ ಫೋನಿಡುವವರೇ ಹೆಚ್ಚು. ದನಿ ಏರಿಸದೆ, ಅವರನ್ನು ಲೈನಿನಲ್ಲೇ ಹಿಡಿದಿಟ್ಟುಕೊಂಡು ಒಂದೊಂದೇ ಕೇಳಬೇಕು. ಯಾವ ಊರು ಸ್ವಾಮಿ? ಯಾವ ಹೋಬಳಿ? ಏನು ಉರಿಯುತ್ತಿದೆ? ಒಳಗೆ ಜನ, ದನ ಇದ್ದಾರಾ? ದೊಡ್ಡ ಗಾಡಿ ಬರುವಷ್ಟು ದಾರಿ ಅಗಲವಿದೆಯಾ? ಹತ್ತಿರ ನೀರೆಲ್ಲಿದೆ? ಈ ಸೀಮೆಯಲ್ಲಿ ‘ಕೊಪ್ಪಲು’ ಎಂದು ಮುಗಿಯುವ ಊರುಗಳು ಎಷ್ಟೋ ಇವೆ, ಹೊಸೂರುಗಳೂ ಒಂದೆರಡಲ್ಲ. ಹೋಬಳಿಯ ಹೆಸರು ಕೇಳದೆ ಹೊರಟರೆ ಬೇರೆ ದಿಕ್ಕಿಗೇ ಹೋಗಿಬಿಡುವ ಅಪಾಯವಿದೆ. ಕರೆ ಬಂದ ಸಮಯ, ಗಾಡಿ ಹೊರಟ ಸಮಯ, ತಲುಪಿದ ಸಮಯ ಎಲ್ಲವೂ ಪುಸ್ತಕದಲ್ಲಿ ದಾಖಲಾಗಬೇಕು.

ಕರೆ ಮಾಡುವವರಿಗೂ ಇಲ್ಲೇ ಒಂದು ಮಾತು. 101 ಅಥವಾ 112ಕ್ಕೆ ಫೋನ್ ಮಾಡಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ ಮೇಲೇ ಫೋನಿಡಿ. ಮುಖ್ಯರಸ್ತೆಯ ತಿರುವಿಗೆ ಒಬ್ಬರನ್ನು ಕಳಿಸಿ. ರಾತ್ರಿಯಾದರೆ ಕೈಗೆ ಟಾರ್ಚ್ ಕೊಡಿ. ಕರೆಂಟ್ ತಂತಿ ಹತ್ತಿರದಲ್ಲಿದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನವರಿಗೆ 1912 ಸಂಖ್ಯೆಯಲ್ಲಿ ತಿಳಿಸಿ ಲೈನ್ ತೆಗೆಸಿ. ದಾರಿಗೆ ಅಡ್ಡ ನಿಲ್ಲಿಸಿದ ಟ್ರ್ಯಾಕ್ಟರ್, ಬೈಕುಗಳನ್ನು ಸರಿಸಿ. ರಸ್ತೆಯಲ್ಲಿ ಅಗ್ನಿಶಾಮಕ ವಾಹನಕ್ಕೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಕಲಮಿನ ಪ್ರಕಾರ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಬೆಲ್ ಹೊಡೆದರೆ ಊಟದ ತಟ್ಟೆಯಾದರೂ ಸರಿ, ಬಿಟ್ಟು ಏಳಬೇಕು. ಗಾಡಿಯಲ್ಲಿ ಯಾರು ಎಲ್ಲಿ ಕೂರಬೇಕು, ಇಳಿದೊಡನೆ ಯಾರು ಹೋಸ್ ಹಾಸಬೇಕು, ಯಾರು ಬ್ರಾಂಚ್ ಹಿಡಿಯಬೇಕು, ಯಾರು ನೀರಿನ ಮೂಲ ನೋಡಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಹೊಸಬರ ಮೊದಲ ಜವಾಬ್ದಾರಿ ತಮ್ಮ ಜಾಗ ಬಿಡದಿರುವುದು. ಪ್ರಮುಖ ಅಗ್ನಿಶಾಮಕರು ಅಥವಾ ಠಾಣಾಧಿಕಾರಿಗಳು ಹೇಳದೆ ಒಳಗೆ ನುಗ್ಗುವುದು ಧೈರ್ಯವಲ್ಲ. ಒಳಗೆ ಹೋದವರನ್ನು ಹೊರತರಲು ಇನ್ನಿಬ್ಬರು ಬೇಕಾಗುತ್ತಾರೆ. ಅಷ್ಟು ಮಂದಿ ಗಾಡಿಯಲ್ಲಿ ಇರುವುದಿಲ್ಲ.

ಹುಲ್ಲಿನ ಮೆದೆಯ ಬೆಂಕಿ ಇಲ್ಲಿ ಮಾಮೂಲು, ಆದರೆ ಸುಲಭವಲ್ಲ. ಮೇಲೆ ಎಷ್ಟು ನೀರು ಹೊಯ್ದರೂ ಒತ್ತಾಗಿ ಒಟ್ಟಿದ ಹುಲ್ಲಿನ ಒಳಕ್ಕೆ ಇಳಿಯುವುದಿಲ್ಲ. ಮೇಲೆ ಆರಿದಂತೆ ಕಂಡು ಒಳಗೆ ಕೆಂಡ ಉಳಿಯುತ್ತದೆ. ಮೊದಲು ಪಕ್ಕದ ಮೆದೆ, ಕೊಟ್ಟಿಗೆ, ಮನೆಗೆ ದಾಟದಂತೆ ಅವುಗಳನ್ನು ನೆನೆಸಬೇಕು. ಆಮೇಲೆ ಉದ್ದ ಕೊಕ್ಕೆಯಿಂದಲೋ ಜೆಸಿಬಿಯಿಂದಲೋ ಮೆದೆಯನ್ನು ಕಿತ್ತು ಹರಡಿ, ಪದರ ಪದರವಾಗಿ ನೆನೆಸಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸವಿದು. ನಡುವೆ ಬಿಟ್ಟು ಬಂದರೆ ಬೆಳಗಿನ ಗಾಳಿಗೆ ಮತ್ತೆ ಹತ್ತಿಕೊಂಡು ಮತ್ತೊಂದು ಕರೆ ಬರುತ್ತದೆ. ಅಕ್ಕಿ ಗಿರಣಿಯ ಹೊಟ್ಟಿನ ರಾಶಿ, ಹುಣಸೂರಿನ ಮರದ ಮಿಲ್ಲಿನ ಹೊಟ್ಟು ಕೂಡ ಹೀಗೆ ಒಳಗೊಳಗೇ ಸುಡುತ್ತವೆ.

ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಬ್ಯಾರನ್ ಬೆಂಕಿಯನ್ನು ಬೇರೆಯಾಗಿಯೇ ಕಲಿಯಬೇಕು. ಮಳೆಗಾಲದಲ್ಲಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲು ಸಾಲಾಗಿ ನೇತುಹಾಕಿ ವಾರದ ಹತ್ತಿರ ಹದ ಮಾಡುತ್ತಾರೆ. ಕೊನೆಯ ಹಂತದಲ್ಲಿ, ಎಲೆಯ ನಾರು ಒಣಗಿಸುವಾಗ, ಒಳಗಿನ ಶಾಖ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆಗ ಒಣಗಿದ ಎಲೆಯೊಂದು ಕಳಚಿ, ಒಳಗೆ ಶಾಖ ಹರಿಸುವ ಕೆಳಗಿನ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು. ಹೊರಗೆ ಹೊಗೆ ಕಂಡ ಕೂಡಲೇ ರೈತರು ಬಾಗಿಲು ತೆರೆದುಬಿಡುತ್ತಾರೆ. ಗಾಳಿ ನುಗ್ಗಿ ಇಡೀ ಬ್ಯಾರನ್ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಕೈಯಲ್ಲಿ ನೀರು ತುಂಬಿದ ಹೋಸ್ ಸಿದ್ಧವಾಗುವವರೆಗೆ ಬಾಗಿಲು, ಗಾಳಿಕಿಂಡಿಗಳನ್ನು ಮುಚ್ಚಿಯೇ ಇಡಬೇಕು. ರೈತರೂ ಕೊಳವೆಯ ಮೇಲೆ ತಂತಿ ಬಲೆ ಹಾಕಿ, ಪ್ರತಿ ಸಲ ಸೊಪ್ಪು ತುಂಬುವ ಮುನ್ನ ಉದುರಿದ ಎಲೆಚೂರು ಗುಡಿಸಿದರೆ ಎಷ್ಟೋ ಬ್ಯಾರನ್ ಉಳಿಯುತ್ತವೆ. ಬ್ಯಾರನ್ ಹೊಲದ ನಡುವೆ ಇರುವುದು, ದಾರಿ ಕೆಸರಾಗಿರುವುದು ಇನ್ನೊಂದು ಕಷ್ಟ. ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ ಹತ್ತು ಹೋಸ್ ಜೋಡಿಸಿದರೂ ನೀರು ಮುಟ್ಟುವುದು 150 ಮೀಟರ್ ಮಾತ್ರ. ಮಣ್ಣಿನ ಗೋಡೆ ನೆನೆದರೆ ಕುಸಿಯುತ್ತದೆ, ಕಾದ ಹೆಂಚಿನ ಮೇಲೆ ತಣ್ಣೀರು ಬಿದ್ದರೆ ಸಿಡಿದು ಉದುರುತ್ತದೆ. ಹಾಗಾಗಿ ಗೋಡೆಯ ಬುಡದಲ್ಲಿ ನಿಲ್ಲಬಾರದು. ವರ್ಷದ ದುಡಿಮೆ ಸುಟ್ಟುಹೋಗುತ್ತಿರುವಾಗ ರೈತ ಒಳಗೆ ನುಗ್ಗಲು ನೋಡುತ್ತಾನೆ. ಅವನನ್ನು ತಡೆದು, ಕೈಹಿಡಿದು ಪಕ್ಕಕ್ಕೆ ಕರೆತರುವುದೂ ಹೊಸಬರ ಪಾಲಿಗೆ ಬರುವ ಕೆಲಸ.

ಅಡುಗೆ ಅನಿಲದ ನಿಯಮ ಚಿಕ್ಕದು, ಮರೆಯುವಂಥದ್ದಲ್ಲ. ಸಿಲಿಂಡರಿನ ಬಾಯಲ್ಲಿ ಜ್ವಾಲೆ ಉರಿಯುತ್ತಿದ್ದು, ಅನಿಲ ನಿಲ್ಲಿಸಲು ಆಗದಿದ್ದರೆ ಜ್ವಾಲೆಯನ್ನು ಆರಿಸಬಾರದು. ದೂರದಿಂದ, ಗೋಡೆಯ ಮರೆಯಿಂದ ಸಿಲಿಂಡರನ್ನು ತಂಪು ಮಾಡುತ್ತಿರಬೇಕು. ಜ್ವಾಲೆ ಆರಿ ಅನಿಲ ಸೋರುತ್ತಲೇ ಇದ್ದರೆ, ಅದು ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲಿ ಹರಡಿ, ಎಲ್ಲೋ ಒಂದು ಕಿಡಿಗೆ ಸ್ಫೋಟವಾಗುತ್ತದೆ. ಬರೀ ಸೋರಿಕೆಯಾದರೆ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು ಹೊರಬರಲು ಮನೆಯವರಿಗೆ ಫೋನಿನಲ್ಲೇ ಹೇಳಬೇಕು. ಅನಿಲ ಸೋರಿಕೆಗೆಂದೇ 1906 ಸಹಾಯವಾಣಿಯೂ ಇದೆ.

ರಕ್ಷಣೆಯ ಕರೆಗಳಲ್ಲಿ ಜೀವಕ್ಕೆ ಹೆಚ್ಚು ಅಪಾಯ ಪಾಳುಬಾವಿಯದು. ಒಳಗೆ ಗಾಳಿ ಕೆಟ್ಟಿರಬಹುದು, ಡೀಸೆಲ್ ಪಂಪು ಓಡಿಸಿದ್ದರೆ ವಿಷದ ಹೊಗೆ ತಳದಲ್ಲೇ ನಿಂತಿರಬಹುದು. ಇಳಿದವನು ಬಿದ್ದನೆಂದು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿದು ಒಂದೇ ಮನೆಯವರೆಲ್ಲ ಪ್ರಾಣ ಕಳೆದುಕೊಳ್ಳುವುದು ಹೀಗೆಯೇ. ಅನಿಲ ಪತ್ತೆ ಮಾಡುವ ಉಪಕರಣದಿಂದ ಪರೀಕ್ಷಿಸಿ, ಅನುಮಾನವಿದ್ದರೆ ಉಸಿರಾಟದ ಸೆಟ್ ಹಾಕಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಹಗ್ಗ ಹಿಡಿದವರೊಂದಿಗೆ ಸನ್ನೆ ಗೊತ್ತು ಮಾಡಿಕೊಂಡೇ ಇಳಿಯಬೇಕು. ಸಾಮಾನ್ಯ ಸೆಟ್ಟಿನ 6 ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡದ ಗಾಳಿ ಇರುತ್ತದೆ. ಲೆಕ್ಕಕ್ಕೆ 45 ನಿಮಿಷ. ಹೆದರಿ ಏದುಸಿರು ಬಿಟ್ಟರೆ ಅದಕ್ಕಿಂತ ಬಹಳ ಮುಂಚೆಯೇ ಮುಗಿಯುತ್ತದೆ. ಹಸು ಬಿದ್ದಿದ್ದರೆ ಮುಂಗಾಲಿನ ಹಿಂದೆ ಒಂದು, ಹಿಂಗಾಲಿನ ಮುಂದೆ ಒಂದು ಅಗಲದ ಪಟ್ಟಿ ಹಾಕಿ ಸಮತೂಕದಲ್ಲಿ ಎತ್ತಬೇಕು. ಸಾಕಿದವರು ದಂಡೆಯಲ್ಲಿ ನಿಂತು ಹೆಸರು ಹಿಡಿದು ಮಾತಾಡಿಸುತ್ತಿದ್ದರೆ ಹಸು ಒದೆಯುವುದು ಕಡಿಮೆ.

ನದಿಯ ಕೆಲಸ ಮನಸ್ಸಿಗೆ ಭಾರ. ಚುಂಚನಕಟ್ಟೆಯ ಜಲಪಾತದ ಕೆಳಗೆ, ಎಡತೊರೆಯ ಹೊಳೆಯಲ್ಲಿ, ಲಕ್ಷ್ಮಣತೀರ್ಥದಲ್ಲಿ, ಕಬಿನಿ ಹಿನ್ನೀರಿನಲ್ಲಿ ಈಜಲು ಇಳಿದವರು ಕಾಣೆಯಾದಾಗ ಕರೆ ಬರುತ್ತದೆ. ತಲುಪುವ ಹೊತ್ತಿಗೆ ಹೆಚ್ಚಿನ ಸಲ ಹುಡುಕಬೇಕಾದದ್ದು ಶವವನ್ನು. ದಂಡೆಯಲ್ಲಿ ತಾಯಿ ಕೂತಿರುತ್ತಾರೆ. ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯಬಾರದು, ಕತ್ತಲಾದ ಮೇಲೆ ಹುಡುಕಾಟ ನಿಲ್ಲಿಸಬೇಕಾದರೆ ಅದನ್ನು ಮನೆಯವರಿಗೆ ನೇರವಾಗಿ, ಮೆದುವಾಗಿ ಹೇಳಬೇಕು, ಸಿಕ್ಕ ದೇಹವನ್ನು ಮರ್ಯಾದೆಯಿಂದ ಮುಚ್ಚಿ ಪೊಲೀಸರಿಗೆ ಒಪ್ಪಿಸಬೇಕು, ಯಾರೂ ಫೋಟೊ ತೆಗೆಯದಂತೆ ನೋಡಿಕೊಳ್ಳಬೇಕು. ತರಬೇತಿಯಲ್ಲಿ ಎಷ್ಟೇ ಕಲಿತರೂ ಮೊದಲ ಸಲ ಇದನ್ನು ಎದುರಿಸಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಹಿರಿಯ ಸಹೋದ್ಯೋಗಿಗಳ ಹತ್ತಿರ ಅದನ್ನು ಹೇಳಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮಳೆಗಾಲದ ನೆರೆ ಬೇರೆಯೇ ಲೆಕ್ಕ: 2019ರ ಆಗಸ್ಟಿನಲ್ಲಿ ಕಬಿನಿಯಿಂದ 1 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಂಥ ದಿನಗಳಲ್ಲಿ ದೋಣಿ, ಹಗ್ಗ, ಈಜು ಮೂರೂ ಬಲ್ಲವರೇ ಬೇಕು.

ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನಲ್ಲಿ ಫೆಬ್ರವರಿಯಿಂದ ಕಾಡ್ಗಿಚ್ಚಿನ ಭಯ. ಕಾಡಿನೊಳಗೆ ಮುಂದಾಳತ್ವ ಅರಣ್ಯ ಇಲಾಖೆಯದು. ಅಗ್ನಿಶಾಮಕರು ಗಾಡಿ ಹೋಗುವ ತನಕ ನೀರು ಒಯ್ದು, ಊರ ಕಡೆ ಬೆಂಕಿ ಬಾರದಂತೆ ತಡೆಯುತ್ತಾರೆ. 2017ರಲ್ಲಿ ಬಂಡೀಪುರದ ಬೆಂಕಿಯಲ್ಲಿ ಒಬ್ಬ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು. 2019ರಲ್ಲಿ ಅಲ್ಲೇ ಬೆಂಕಿ ಹಬ್ಬಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಗಾಳಿ ಯಾವ ಕಡೆ ತಿರುಗೀತು, ಓಡಬೇಕಾಗಿ ಬಂದರೆ ಯಾವ ದಾರಿ ಎಂಬುದನ್ನು ನೋಡಿಕೊಳ್ಳದೆ ಲಂಟಾನ ಪೊದೆಗಳ ನಡುವೆ ಕಾಲಿಡಬಾರದು.

ಬಂದೋಬಸ್ತ್ ಕೂಡ ಕೆಲಸವೇ. ಸಂಕ್ರಾಂತಿಯ ಹೊತ್ತಿನ ಚುಂಚನಕಟ್ಟೆ ದನಗಳ ಜಾತ್ರೆ, ಶಿವರಾತ್ರಿಯಿಂದ ಶುರುವಾಗುವ ಕಪ್ಪಡಿ ಜಾತ್ರೆ, ಹುಣಸೂರಿನ ಹನುಮ ಜಯಂತಿ ಮೆರವಣಿಗೆಯಂಥ ಕಡೆ ಗಾಡಿ ನಿಲ್ಲಿಸಿಕೊಂಡು ಕಾಯಬೇಕಾಗಬಹುದು. ಸುಮ್ಮನೆ ಕೂರುವುದಲ್ಲ; ಅಂಗಡಿ ಸಾಲಿನ ನಡುವೆ ದಾರಿ ಬಿಡಿಸುವುದು, ಗುಡಾರದೊಳಗಿನ ಒಲೆ, ಸಿಲಿಂಡರ್, ಕರೆಂಟಿನ ಜೋತುಬಿದ್ದ ವೈರು ನೋಡಿ ಎಚ್ಚರಿಸುವುದು ಇರುತ್ತದೆ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಿಸಿ, ಬೆಂಕಿ ಆರಿಸುತ್ತಿದ್ದ 66 ಅಗ್ನಿಶಾಮಕರು ಸತ್ತರು. ಆ ವಾರ ಬಸ್ ನಿಲ್ದಾಣ, ಆಸ್ಪತ್ರೆ, ಗಿರಣಿಗಳಿಗೆ ಹೋಗಿ ಬೆಂಕಿ ಆರಿಸುವ ಸಿಲಿಂಡರ್ ಬಳಸುವ ಬಗೆ ತೋರಿಸಬೇಕು: ಪಿನ್ ಕೀಳಿ, ಜ್ವಾಲೆಯ ಬುಡಕ್ಕೆ ಗುರಿಯಿಡಿ, ಹಿಡಿ ಒತ್ತಿ, ಎಡಬಲಕ್ಕೆ ಆಡಿಸಿ. ಪ್ರೇಕ್ಷಕರ ಕೈಗೇ ಕೊಟ್ಟು ಮಾಡಿಸಿದರೆ ಮಾತ್ರ ಅದು ನೆನಪಿನಲ್ಲಿ ಉಳಿಯುತ್ತದೆ.

ಕರೆ ಮುಗಿಸಿ ಠಾಣೆಗೆ ಬಂದವರು ಮೊದಲು ಟ್ಯಾಂಕ್ ತುಂಬಿಸಬೇಕು, ಸ್ನಾನ ಆಮೇಲೆ. ಇನ್ನೊಂದು ಬೆಲ್ ಹತ್ತು ನಿಮಿಷದಲ್ಲೇ ಹೊಡೆಯಬಹುದು. ಒದ್ದೆ ಹೋಸ್ ಇಳಿಸಿ ಒಣ ಹೋಸ್ ಏರಿಸಿ, ಸಾಮಾನು ಎಣಿಸಿ, ಹೊಗೆ ಮೆತ್ತಿದ ಬಟ್ಟೆಯನ್ನು ಮಲಗುವ ಕೋಣೆಗೆ ಒಯ್ಯದೆ ಬೇರೆಯಾಗಿ ತೊಳೆಯಬೇಕು. ಉಸಿರಾಟದ ತೊಂದರೆ, ಸುಟ್ಟ ಗಾಯ, ತಲೆನೋವು ಇದ್ದರೆ ಅದೇ ದಿನ ಹೇಳಬೇಕು. ಏನು ಸುಟ್ಟಿತು, ಏನು ಉಳಿಯಿತು, ಕಾರಣ ಏನಿರಬಹುದು ಎಂಬ ವಿವರವನ್ನು ಕಂಡಷ್ಟೇ, ಕೂಡಿಸದೆ ಕಳೆಯದೆ ವರದಿಗೆ ಕೊಡಬೇಕು. ಮೆದೆ ಕಳೆದುಕೊಂಡವರು ಪರಿಹಾರಕ್ಕೋ ವಿಮೆಗೋ ಓಡಾಡುವಾಗ ಆಧಾರವಾಗುವುದು ಆ ದಾಖಲೆಯೇ. ಬೆಂಕಿ ಆರಿಸಿದ್ದಕ್ಕೆ ಜನ ಹಣ ಕೊಡಬೇಕಿಲ್ಲ, ಕೊಟ್ಟರೂ ತೆಗೆದುಕೊಳ್ಳಬಾರದು.

ಈ ಕೆಲಸಕ್ಕೆ ಮನಸ್ಸಿಟ್ಟಿರುವ ಹುಡುಗರು ಓಟದ ಜೊತೆಗೆ ಇವತ್ತೇ ಕಲಿಯಬಹುದಾದ ಸಂಗತಿಗಳಿವೆ. ಈಜು ಬಾರದಿದ್ದರೆ ಬಲ್ಲವರ ಜೊತೆ ಕಲಿಯಿರಿ. ಬಿಗಿದರೂ ಜಾರದ, ಬೇಕೆಂದಾಗ ಬಿಚ್ಚಬಹುದಾದ ನಾಲ್ಕು ಗಂಟುಗಳನ್ನು ಕಣ್ಣು ಮುಚ್ಚಿ ಹಾಕುವಂತೆ ಅಭ್ಯಾಸ ಮಾಡಿ. ಭಾರಿ ವಾಹನದ ಲೈಸೆನ್ಸ್ ಇದ್ದರೆ ಚಾಲಕ ಹುದ್ದೆಯ ಬಾಗಿಲೂ ತೆರೆದಿರುತ್ತದೆ. ಹತ್ತಿರದ ಠಾಣೆಗೆ ಹೋಗಿ, ಬಿಡುವಿನ ಹೊತ್ತು ನೋಡಿಕೊಂಡು, ‘ಸಾರ್, ಡ್ರಿಲ್ ನೋಡಬಹುದಾ?’ ಎಂದು ಕೇಳಿ.